ರಾತ್ರಿ ಬೇಯಿಸಿಟ್ಟು ಬೆಳಿಗ್ಗೆ ತಿನ್ನುವ ಹಣ್ಣಿನ ಓಟ್ಸ್: ನಿಮ್ಮ ಪ್ರಶ್ನೆ, ಆಹಾರ ತಜ್ಞೆಯ ಉತ್ತರ

ಪ್ರಶ್ನೆ (ತೋರಣಗಲ್ಲಿನಿಂದ): ಮೇಡಂ, ನಮಸ್ಕಾರ ರೀ. ನಮ್ಮ ಮನೆಯವರದು ಶಿಫ್ಟ್ ಕೆಲಸ. ಮುಂಜಾನಿ ಶಿಫ್ಟ್ ಇದ್ದ ವಾರ ಐದು ಗಂಟೆಗೆ ಮನಿ ಬಿಡ್ತಾರ. ಅಷ್ಟೊತ್ತಿಗೆ ಏನೂ ಗಂಟಲಾಗ ಇಳಿಯಂಗಿಲ್ಲ ಅಂತಾರ, ಆಮ್ಯಾಲ ಒಂಬತ್ತಕ್ಕ ಹಸಿವು ತಡೀಲಾರದ ಒಗ್ಗರಣಿ ಮಿರ್ಚಿ ತಿಂತಾರ, ದಿನಾ ಅದ. ನಾನು ಶಾಲಿ ಟೀಚರ್, ಎಂಟಕ್ಕ ಮನಿ ಬಿಡಬೇಕು, ಎರಡು ಮಕ್ಕಳು ಅದಾವು. ಓಟ್ಸ್‌ಗೆ ಹಣ್ಣು ಹಾಕಿ ಓವನ್‌ನಾಗ ಬೇಯಿಸಿಟ್ರ ಮೂರು ನಾಲ್ಕು ದಿನ ತಿನ್ನಬಹುದು ಅಂತ ಗೆಳತಿ ಹೇಳಿದ್ಲು. ಎರಡು ಸಲ ಮಾಡಿದೆ. ಮೊದಲನೇ ಸಲ ಹೊಟ್ಟು ತಿಂದಂಗ ಆತು. ಎರಡನೇ ಸಲ ರುಚಿ ಚಲೋ ಇತ್ತು, ಆದ್ರ ಮೂರನೇ ದಿನಕ್ಕ ಹುಳಿ ವಾಸನಿ ಬಂತು, ಎಲ್ಲಾ ಚೆಲ್ಲಿದೆ. ಸಕ್ಕರಿ ಹಾಕಬಾರದು ಅಂತ ಮನಸ್ಸು. ಅಳತಿ ಸಮೇತ ಹೇಳ್ರಿ.

ಉತ್ತರ: ಎರಡು ಸಲ ಕೆಟ್ಟರೂ ಮೂರನೇ ಸಲ ಮಾಡಬೇಕು ಅಂತ ಕೇಳಿದ್ದೀರಲ್ಲ, ಬಹಳ ಸಂತೋಷ. ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಬೆಳಗಿನ ಊಟ ತಪ್ಪಿಸುವವರು ಹೆಚ್ಚಾಗಿ ಶಿಫ್ಟ್‌ನವರು ಮತ್ತು ನಿಮ್ಮಂಥ ಟೀಚರುಗಳೇ. ಅವರಿಗೆ ಆರೋಗ್ಯದ ಆಸೆ ಇಲ್ಲ ಅಂತಲ್ಲ, ಒಲೆ ಮುಂದೆ ನಿಲ್ಲೋಕೆ ಹೊತ್ತಿಲ್ಲ.

ಮೊದಲು ಓಟ್ಸ್ ಯಾವುದು ಅನ್ನೋದು ನೋಡಿ. ಪ್ಯಾಕೆಟ್ ಮೇಲೆ "ರೋಲ್ಡ್ ಓಟ್ಸ್" ಅಂತ ಇರಬೇಕು, ಅಗಲವಾಗಿ, ದಪ್ಪ ಅವಲಕ್ಕಿ ಥರ ಕಾಣುತ್ತೆ. ಎರಡು ನಿಮಿಷದ ಇನ್‌ಸ್ಟಂಟ್ ಓಟ್ಸ್ ಹಾಕಿದರೆ ಗಂಜಿ ಗಟ್ಟಿಯಾದ ಹಾಗೆ ಆಗುತ್ತೆ. ಸ್ಟೀಲ್ ಕಟ್ ಅನ್ನೋದು ನುಚ್ಚು ನುಚ್ಚಾಗಿರುತ್ತೆ, ಈ ಅಳತೆಯ ಹಾಲಿಗೆ ಬೇಯೋದಿಲ್ಲ.

ಅಳತೆ ಇಷ್ಟು. ರೋಲ್ಡ್ ಓಟ್ಸ್ ಎರಡು ಕಪ್, ಅಂದರೆ ಸುಮಾರು 200 ಗ್ರಾಂ. ಹಾಲು 400ರಿಂದ 425 ಮಿ.ಲೀ. ದೊಡ್ಡ ಪಚ್ಚಬಾಳೆ ಎರಡು, ಯಾಲಕ್ಕಿ ಬಾಳೆಯಾದರೆ ನಾಲ್ಕೈದು. ಮೊಟ್ಟೆ ಒಂದು. ಬೇಕಿಂಗ್ ಪೌಡರ್ ಒಂದು ಟೀ ಚಮಚ, ಉಪ್ಪು ಕಾಲು ಚಮಚ, ಚಕ್ಕೆ ಪುಡಿಯೋ ಏಲಕ್ಕಿಯೋ ಅರ್ಧ ಚಮಚ. ಹುರಿದು ಸಿಪ್ಪೆ ತೆಗೆದು ಒಡಕಾಗಿ ಕುಟ್ಟಿದ ಶೇಂಗಾ ಒಂದು ಹಿಡಿ. ಹೆಚ್ಚಿದ ಹಣ್ಣು ಒಂದು ಕಪ್. ಎಂಟು ಇಂಚಿನ ಚೌಕದ ತಟ್ಟೆಗೆ ಇದು ಸರಿಹೋಗುತ್ತೆ, ಆರು ತುಂಡು ಬರುತ್ತೆ.

ಸಕ್ಕರೆ ಬೇಡ ಅಂದಿರಿ, ಹಾಗಾದರೆ ಎಲ್ಲ ಭಾರ ಬಾಳೆಹಣ್ಣಿನ ಮೇಲೆ. ಸಿಪ್ಪೆ ಮೇಲೆ ಕಂದು ಚುಕ್ಕೆ ತುಂಬಿ, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಇಳಿಯಬೇಕು, ಮನೆಯವರು "ಇದು ಕೊಳೀತು, ಆಕಳಿಗೆ ಹಾಕು" ಅನ್ನೋ ಹಂತ. ಕಾಯಿ ಇದ್ದಾಗ ಬಾಳೆಯಲ್ಲಿರೋದು ಪಿಷ್ಟ, ಮಾಗುತ್ತಾ ಅದೇ ಸಕ್ಕರೆಯಾಗುತ್ತೆ. ಹಳದಿ ಹೊಳೆಯುವ ಗಟ್ಟಿ ಬಾಳೆ ಹಾಕಿ ಆಮೇಲೆ ಸಪ್ಪೆಯಾಯ್ತು ಅಂತ ಬೆಲ್ಲ ಸುರಿಯೋದು ಬಹಳ ಜನ ಮಾಡುವ ತಪ್ಪು.

ಬಾಳೆಯನ್ನು ಕೈಯಿಂದ ಚೆನ್ನಾಗಿ ಕಿವುಚಿ, ಮೊಟ್ಟೆ, ಹಾಲು, ಉಪ್ಪು, ಏಲಕ್ಕಿ ಸೇರಿಸಿ ಕಲಸಿ. ಓಟ್ಸ್ ಹಾಕಿ ಹದಿನೈದು ನಿಮಿಷ ಬಿಡಿ. ನಿಮ್ಮ ಮೊದಲನೇ ಸಲದ "ಹೊಟ್ಟು" ಬಹುಶಃ ಇಲ್ಲೇ ಆದದ್ದು: ಹಾಲು ಕಡಿಮೆ, ನೆನೆಯೋಕೂ ಬಿಟ್ಟಿರಲಿಕ್ಕಿಲ್ಲ. ಹಾಲು ಮೇಲೆ ನಿಂತು ಓಟ್ಸ್ ತಳದಲ್ಲಿ ಕೂತಂತೆ ಕಾಣುತ್ತೆ. ನೀರಾಯ್ತು ಅಂತ ಹೆದರಿ ಇನ್ನೊಂದು ಹಿಡಿ ಓಟ್ಸ್ ಹಾಕಬೇಡಿ, ಅದೇ ಹದ. ಕೊನೆಗೆ ಬೇಕಿಂಗ್ ಪೌಡರ್, ಶೇಂಗಾ, ಹಣ್ಣು ಸೇರಿಸಿ ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ಓವನ್ ಹತ್ತು ನಿಮಿಷ ಮೊದಲೇ ಕಾದಿರಬೇಕು, 180 ಡಿಗ್ರಿ, ಮಧ್ಯದ ಅಂತಸ್ತು, 35ರಿಂದ 40 ನಿಮಿಷ. ಅಂಚು ಕೆಂಪಾಗಿ ತಟ್ಟೆಯಿಂದ ಬಿಟ್ಟುಕೊಂಡಿರುತ್ತೆ. ನಡುವೆ ಬೆರಳಿಂದ ಮೆತ್ತಗೆ ಒತ್ತಿದರೆ ತಗ್ಗಿ ಮತ್ತೆ ಏಳಬೇಕು. ಚಾಕು ಚುಚ್ಚಿದರೆ ಹಣ್ಣಿನ ತೇವ ಅಂಟಬಹುದು, ಹಾಲು ಅಂಟಬಾರದು.

ಈಗ ಹುಳಿ ವಾಸನೆ. ಅಳತೆಗಿಂತ ಇದು ದೊಡ್ಡ ವಿಷಯ, ನಮ್ಮ ಬಿಸಿಲಿನ ಜಿಲ್ಲೆಗಳಲ್ಲಂತೂ ಇನ್ನೂ ದೊಡ್ಡದು. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದಿರಾ? ಮುಚ್ಚಳದ ಒಳಗೆ ಹಬೆ ಹನಿಯಾಗಿ ಕೂರುತ್ತೆ, ಆ ಹನಿ ತುಂಡಿನ ಮೇಲೆ ಬೀಳುತ್ತೆ. ಮಾರನೆಯ ದಿನ ಮೇಲ್ಭಾಗ ಅಂಟಂಟು, ಮೂರನೆಯ ದಿನ ವಾಸನೆ. ಇಲ್ಲದಿದ್ದರೆ ರಾತ್ರಿಯೆಲ್ಲ ಕಟ್ಟೆ ಮೇಲೆ ಬಿಟ್ಟು ಬೆಳಿಗ್ಗೆ ಫ್ರಿಜ್‌ಗೆ ಇಟ್ಟಿರುತ್ತೀರಿ. ನಾನೂ ಒಂದು ಮೇ ತಿಂಗಳಲ್ಲಿ, ಮದುವೆ ಮನೆಯಿಂದ ದಣಿದು ಬಂದ ರಾತ್ರಿ, ತಟ್ಟೆ ಮೇಲೆ ಬಟ್ಟೆ ಮುಚ್ಚಿ ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ನೋಡೋಕೆ ಚೆನ್ನಾಗೇ ಇತ್ತು, ಮೂಸಿದಾಗ ಗೊತ್ತಾಯ್ತು. ಪೂರ್ತಿ ತಟ್ಟೆ ಚೆಲ್ಲಿದೆ.

ಹಾಲು, ಮೊಟ್ಟೆ ಇರುವ ಬೇಯಿಸಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸುತ್ತಲಿನ ಬಿಸಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಏಪ್ರಿಲ್, ಮೇನಲ್ಲಿ ನಮ್ಮ ಅಡುಗೆಮನೆ ರಾತ್ರಿ ಒಂಬತ್ತಕ್ಕೂ ಅಷ್ಟು ಕಾದಿರುತ್ತೆ. ಆದ್ದರಿಂದ ಓವನ್‌ನಿಂದ ತೆಗೆದು ಹತ್ತು ನಿಮಿಷಕ್ಕೆ ಆರು ತುಂಡು ಮಾಡಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ಯಾನ್ ಕೆಳಗಿಡಿ. ಅರ್ಧ ಗಂಟೆಯಲ್ಲಿ ಆರುತ್ತೆ. ತಳ ಮುಟ್ಟಿ ನೋಡಿ, ತಣ್ಣಗಿದ್ದರೆ ಡಬ್ಬಿಗೆ, ಡಬ್ಬಿ ಫ್ರಿಜ್‌ಗೆ. ಹೀಗೆ ಇಟ್ಟರೆ ಮೂರರಿಂದ ನಾಲ್ಕು ದಿನ. ಅದಕ್ಕೂ ಮುಂದೆ ಬೇಕಾದರೆ ಒಂದೊಂದೇ ತುಂಡು ಸುತ್ತಿ ಫ್ರೀಜರ್‌ಗೆ, ಎರಡು ತಿಂಗಳು ರುಚಿ ಕೆಡದೆ ಇರುತ್ತೆ.

ನಿಮ್ಮ ಯಜಮಾನರ ಬುತ್ತಿಗೆ ಫ್ರೀಜರ್‌ನ ತುಂಡನ್ನೇ ನೇರವಾಗಿ ಡಬ್ಬಿಗೆ ಹಾಕಿ ಕಳಿಸಿ. ಐದಕ್ಕೆ ಕಲ್ಲಿನಂತಿರೋದು ಎಂಟರ ಹೊತ್ತಿಗೆ ಮೆತ್ತಗಾಗಿ ತಣ್ಣಗೆ ತಿನ್ನೋಕೆ ಬರುತ್ತೆ. ಫ್ರಿಜ್‌ನಿಂದ ತೆಗೆದದ್ದು ಅಷ್ಟು ಹೊತ್ತು ಬ್ಯಾಗಿನಲ್ಲಿರೋದು ಬೇಸಿಗೆಯಲ್ಲಿ ನನಗೆ ಧೈರ್ಯ ಬರೋದಿಲ್ಲ.

ಪ್ರಶ್ನೆ (ಅದೇ ಅಕ್ಕನವರಿಂದ): ಬಿಸಿಗೇ ಮುಚ್ಚಿದ್ದೆ ರೀ ಮೇಡಂ, ನೀವು ಕಣ್ಣಾರೆ ನೋಡಿದಂಗ ಹೇಳಿದ್ರಿ. ಇನ್ನೊಂದು, ಯಾವ ಹಣ್ಣು ಹಾಕಿದ್ರ ಚಲೋ? ಸೇಬು ತುಟ್ಟಿ ಆಗ್ಯಾವು.

ಉತ್ತರ: ಸೇಬೇ ಬೇಕು ಅಂತ ಯಾರು ಹೇಳಿದರು? ನಮ್ಮ ಸುತ್ತ ಇಷ್ಟು ಹಣ್ಣಿದೆ. ಬಳ್ಳಾರಿ ಅಂಜೂರ ಅಂತ ಒಂದು ತಳಿಗೇ ನಮ್ಮ ಊರ ಹೆಸರಿದೆ. ಒಣ ಅಂಜೂರ ನಾಲ್ಕನ್ನು ಬಿಸಿ ಹಾಲಲ್ಲಿ ನೆನೆಸಿ, ಹೆಚ್ಚಿ, ಆ ಹಾಲಿನ ಸಮೇತ ಹಾಕಿ. ಬೀಜ ಹಲ್ಲಿಗೆ ಸಿಕ್ಕಿ ಕಟುಂ ಅನ್ನುತ್ತೆ, ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಹಸಿ ಅಂಜೂರವಾದರೆ ಹಾಲಲ್ಲಿ ನೆನೆಸಿಡಬೇಡಿ, ಅದರ ಹಾಲುರಸ ಹಾಲನ್ನು ಒಡೆಸುತ್ತೆ. ಕೊನೆಗೆ ಮೇಲೆ ಜೋಡಿಸಿ ತಕ್ಷಣ ಓವನ್‌ಗಿಡಿ.

ಪಪ್ಪಾಯಿಯದೂ ಅದೇ ಕಥೆ. ಹಾಲಿನ ಜೊತೆ ಹಸಿಯಾಗಿ ಕೂತರೆ ಕಹಿ ಬರುತ್ತೆ, ನೀರೂ ಬಹಳ ಬಿಡುತ್ತೆ. ನಾನು ಹಾಕೋದೇ ಇಲ್ಲ, ಪಕ್ಕದಲ್ಲಿಟ್ಟು ತಿನ್ನಲಿ. ಮಾವು ಗಟ್ಟಿ ತಿರುಳಿನದು ಬೇಕು. ಕೊಪ್ಪಳದ ಕೇಸರ್ ಬಂದಾಗ ಮಾಡಿ ನೋಡಿ, ಹುಳಿ ಇಲ್ಲದ್ದು ಆರಿಸಿಕೊಳ್ಳಿ. ಆಗ ಬಾಳೆ ಒಂದು ಸಾಕು. ಪೇರಲ ಹಾಕೋದಾದರೆ ನಡುವಿನ ಬೀಜದ ಭಾಗ ತೆಗೆದು ಸಣ್ಣಗೆ ಹೆಚ್ಚಿ, ಐದು ನಿಮಿಷ ಬಾಣಲೆಯಲ್ಲಿ ಬಾಡಿಸಿ. ದಾಳಿಂಬೆ ಬೇಯಿಸಬೇಡಿ, ಕಾಳು ಸಪ್ಪೆಯಾಗಿ ಬೀಜ ಮಾತ್ರ ಉಳಿಯುತ್ತೆ. ತಿನ್ನುವಾಗ ಮೇಲೆ ಉದುರಿಸಿ.

ಪ್ರಶ್ನೆ (ರಾಯಚೂರಿನಿಂದ): ಅಕ್ಕಾರ, ನಮ್ಮನ್ಯಾಗ ಮೊಟ್ಟಿ ನಡೆಯಂಗಿಲ್ಲ, ಓವನ್ನೂ ಇಲ್ಲ. ಕುಕ್ಕರ್‌ನಾಗ ಆಗ್ತದೇನ್ರಿ?

ಉತ್ತರ: ಎರಡಕ್ಕೂ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಮೊಟ್ಟೆ ಬದಲು ಅಗಸೆ. ಚಟ್ನಿ ಪುಡಿಗೆ ತಂದಿಟ್ಟ ಅಗಸೆಯಲ್ಲೇ ಒಂದು ದೊಡ್ಡ ಚಮಚ ತೆಗೆದು, ಹುರಿಯದೆ ನುಣ್ಣಗೆ ಪುಡಿ ಮಾಡಿ, ಮೂರು ದೊಡ್ಡ ಚಮಚ ನೀರಲ್ಲಿ ಹತ್ತು ನಿಮಿಷ ಬಿಡಿ. ಚಮಚ ಎತ್ತಿದರೆ ಲೋಳೆ ಎಳೆಯಾಗಿ ಇಳಿಯಬೇಕು, ಅದೇ ಓಟ್ಸನ್ನು ಹಿಡಿದು ನಿಲ್ಲಿಸೋದು.

ಕುಕ್ಕರ್‌ಗೆ ನೀರು ಹಾಕಬೇಡಿ. ತಳದಲ್ಲಿ ಎರಡು ಕಪ್ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆದು ಮುಚ್ಚಿ. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಪಾತ್ರೆ ಒಳಗಿಟ್ಟು ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ದಪ್ಪ ತಳದ ಅಲ್ಯೂಮಿನಿಯಂ ಕುಕ್ಕರ್ ಆಗಬೇಕು. ಮೇಲ್ಭಾಗ ಓವನ್‌ನಷ್ಟು ಕೆಂಪಾಗೋದಿಲ್ಲ, ರುಚಿಗೆ ಕೊರತೆ ಇಲ್ಲ.

ಇದಕ್ಕಿಂತ ಸುಲಭ ಬೇಕಾದರೆ ತುಪ್ಪ ಸವರಿದ ಇಡ್ಲಿ ತಟ್ಟೆಗೆ ಹಾಕಿ 15ರಿಂದ 18 ನಿಮಿಷ ಹಬೆಯಲ್ಲಿ ಬೇಯಿಸಿ. ಹಾಲನ್ನು ಮಾತ್ರ ಅರ್ಧ ಕಪ್ ಕಡಿಮೆ ಮಾಡಿ. ಮಕ್ಕಳ ಕೈಗೆ ಹಿಡಿಯುವಷ್ಟೇ ಗಾತ್ರ, ತುಂಡು ಮಾಡುವ ಕೆಲಸವೂ ಇಲ್ಲ.

ಪ್ರಶ್ನೆ (ಗಂಗಾವತಿಯಿಂದ): ನಮ್ಮ ಅತ್ತೆಯವರಿಗೆ ಶುಗರ್ ಇದೆ, ಕೊಲೆಸ್ಟ್ರಾಲ್ ಕೂಡ ಇದೆ. ಓಟ್ಸ್ ತಿಂದರೆ ಎರಡೂ ಇಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ದಿನಾ ಎರಡು ತುಂಡು ಕೊಡಬಹುದಾ ಮೇಡಂ?

ಉತ್ತರ: ಎರಡು ಬೇಡಮ್ಮ, ಒಂದು. ಬಾಳೆ, ಹಾಲು, ಓಟ್ಸ್ ಎಲ್ಲ ಲೆಕ್ಕ ಹಾಕಿದರೆ ಒಂದು ತುಂಡಿನಲ್ಲಿ 35 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಬರುತ್ತೆ. ಸಕ್ಕರೆ ಹಾಕಿಲ್ಲ ಅಂದ ಮಾತ್ರಕ್ಕೆ ಶುಗರ್ ಏರೋದಿಲ್ಲ ಅಂತಲ್ಲ. ಅತ್ತೆಯವರಿಗೆ ಬೇರೆಯಾಗಿ ಮಾಡೋದಾದರೆ ಬಾಳೆ ಒಂದಕ್ಕೆ ಇಳಿಸಿ, ಶೇಂಗಾ ಎರಡು ಹಿಡಿ ಮಾಡಿ, ಪೇರಲ ಹಾಕಿ. ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಕೊಡಿ. ಒಂದು ತುಂಡಿನಲ್ಲಿ ಪ್ರೋಟೀನ್ 8 ಗ್ರಾಂ ಆಸುಪಾಸು ಇರುತ್ತೆ, ಮೊಸರು ಸೇರಿದರೆ ಹನ್ನೆರಡರ ಹತ್ತಿರ ಹೋಗುತ್ತೆ, ಮಧ್ಯಾಹ್ನದವರೆಗೆ ಹಸಿವು ತಡೆಯುತ್ತೆ. ಶುಗರ್ ನೋಡುವ ಮೀಟರ್ ಮನೆಯಲ್ಲಿದ್ದರೆ ಮೊದಲ ದಿನ ತಿಂದು ಎರಡು ಗಂಟೆ ಆದ ಮೇಲೆ ನೋಡಿ, ಅದೇ ನಿಮಗೆ ನಿಜ ಹೇಳೋದು. ಇನ್ಸುಲಿನ್ ತಗೊಳ್ತಿದ್ದರೆ ಬೆಳಗಿನ ಊಟ ಬದಲಿಸುವ ಮೊದಲು ಅವರ ಡಾಕ್ಟರ್‌ಗೆ ಹೇಳಲೇಬೇಕು.

ಕೊಲೆಸ್ಟ್ರಾಲ್ ವಿಷಯ ಸುಳ್ಳಲ್ಲ. ಓಟ್ಸ್‌ನ ಬೀಟಾ ಗ್ಲೂಕನ್ ಅನ್ನುವ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಪಿತ್ತರಸವನ್ನು ಹಿಡಿದು ಹೊರಗೆ ಹಾಕುತ್ತೆ, ಮತ್ತೆ ಪಿತ್ತರಸ ಮಾಡೋಕೆ ದೇಹ ರಕ್ತದ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುತ್ತೆ. ಆದರೆ ಅದಕ್ಕೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಬೇಕು. ಅಮೆರಿಕದ ಆಹಾರ ಇಲಾಖೆ 1997ರಲ್ಲಿ ಓಟ್ಸ್ ಪ್ಯಾಕೆಟ್ ಮೇಲೆ ಹೃದಯ ರೋಗದ ಅಪಾಯ ಕಡಿಮೆ ಮಾಡಬಹುದು ಅಂತ ಬರೆಯಲು ಒಪ್ಪಿದ್ದೂ ಈ ಅಳತೆಗೇ. ನಮ್ಮ ಒಂದು ತುಂಡಿನಲ್ಲಿ ಅದರ ಅರ್ಧದಷ್ಟೂ ಇರೋದಿಲ್ಲ. ಸಹಾಯ ಆಗುತ್ತೆ, ಆದರೆ ಇದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ (ಮಾನ್ವಿಯಿಂದ): ನಮ್ಮ ಜೋಳ, ಸಜ್ಜಿ ಇರಬೇಕಾದ್ರ ಹೊರಗಿನ ಓಟ್ಸ್ ಯಾಕ ಬೇಕ್ರಿ ಮೇಡಂ? ಅದನ್ನ ಹಾಕಿ ಮಾಡಾಕ ಬರಂಗಿಲ್ಲೇನು?

ಉತ್ತರ: ನೀವು ಕೇಳಿದ್ದು ನನ್ನ ಮನಸ್ಸಿನಲ್ಲಿದ್ದದ್ದೇ ಅಣ್ಣಾ. ಬೆಳಿಗ್ಗೆ ಬಿಸಿ ರೊಟ್ಟಿ, ಪಲ್ಯ, ಮೊಸರು, ಶೇಂಗಾ ಹಿಂಡಿ ತಿನ್ನೋಕೆ ಆಗುವ ಮನೆಗೆ ನಾನು ಓಟ್ಸ್ ಹೇಳೋದೇ ಇಲ್ಲ. ಸಜ್ಜೆಯಲ್ಲಿ ಕಬ್ಬಿಣ ಚೆನ್ನಾಗಿದೆ, ಜೋಳದಲ್ಲಿ ನಾರಿದೆ. ಓಟ್ಸ್ ಅವಕ್ಕಿಂತ ಮೇಲು ಅನ್ನೋದಕ್ಕೆ ಆಧಾರ ಇಲ್ಲ. ಈ ತಿಂಡಿಗೆ ಓಟ್ಸ್ ಬೇಕಾಗೋದು ಅದರ ಲೋಳೆಗಾಗಿ. ಜೋಳಕ್ಕೆ ಆ ಅಂಟು ಇಲ್ಲ, ಪೂರ್ತಿ ಜೋಳದ ಅವಲಕ್ಕಿ ಹಾಕಿದರೆ ತುಂಡು ಕೈಯಲ್ಲೇ ಉದುರುತ್ತೆ. ಅರ್ಧ ಓಟ್ಸ್, ಅರ್ಧ ಜೋಳದ ಅವಲಕ್ಕಿ ಹಾಕಿ, ಅಗಸೆ ಎರಡು ಚಮಚ ಮಾಡಿದರೆ ನಿಲ್ಲುತ್ತೆ. ನಾನು ಮಾಡಿ ತಿಂದಿದ್ದೀನಿ, ಹುರಿದ ಜೋಳದ ಘಮ ಬಾಳೆಯ ಜೊತೆ ಬಹಳ ಚೆನ್ನಾಗಿರುತ್ತೆ. ಸಜ್ಜೆ ಹಿಟ್ಟು ಸೇರಿಸೋದಾದರೆ ಅದೇ ವಾರ ಬೀಸಿದ್ದು ಇರಲಿ, ಹಳೆಯದಾದರೆ ಅದರ ಎಣ್ಣೆ ಕಮಟಾಗಿ ಕಹಿ ಬರುತ್ತೆ.

ಪ್ರಶ್ನೆ (ಸಿರುಗುಪ್ಪದಿಂದ): ಬ್ಯಾಸಿಗ್ಯಾಗ ಕರೆಂಟ್ ತಾಸುಗಟ್ಟಲೆ ಹೋಗ್ತೈತಿ. ಫ್ರಿಜ್‌ನಾಗಿಂದು ತಿನ್ನಬಹುದ?

ಉತ್ತರ: ಬಾಗಿಲು ತೆಗೆಯದೆ ಇದ್ದರೆ ನಾಲ್ಕು ತಾಸಿನವರೆಗೆ ತೊಂದರೆ ಇಲ್ಲ. ಅದಕ್ಕಿಂತ ಹೆಚ್ಚಾದರೆ ಬಿಟ್ಟುಬಿಡಿ.

ಪ್ರಶ್ನೆ (ತೋರಣಗಲ್ಲಿನ ಅಕ್ಕನವರಿಂದ, ವಾರದ ನಂತರ): ಮೇಡಂ, ಅಂಜೂರ ಹಾಕಿ ಮಾಡಿದೆ ರೀ. ನಾಲ್ಕನೇ ದಿನಕ್ಕೂ ವಾಸನಿ ಬರಲಿಲ್ಲ. ಮನೆಯವರು ಡಬ್ಬಿ ಖಾಲಿ ತಂದಾರ. ಸಣ್ಣವ ಮಾತ್ರ ಫ್ರಿಜ್‌ನಾಗಿಂದು ತಣ್ಣಗ ತಿನ್ನಂಗಿಲ್ಲ ಅಂತಾನ. ಬಿಸಿ ಮಾಡಿದ್ರ ಒಣಗ್ತದ.

ಉತ್ತರ: ಖಾಲಿ ಡಬ್ಬಿಯ ಸುದ್ದಿ ಕೇಳಿ ಮನಸ್ಸು ತುಂಬಿತು. ಸಣ್ಣವನ ತುಂಡನ್ನು ಸಣ್ಣ ಉರಿಯ ಹಂಚಿನ ಮೇಲಿಟ್ಟು, ಅಂಚಿಗೆ ಎರಡು ಚಮಚ ಹಾಲು ಬಿಟ್ಟು, ಮೇಲೊಂದು ಬಟ್ಟಲು ಬೋರಲು ಹಾಕಿ ಮೂರು ನಿಮಿಷ. ಹಾಲಿನ ಹಬೆಗೆ ಒಳಗೆ ಮೆತ್ತಗಾಗುತ್ತೆ, ತಳ ಗರಿಗರಿಯಾಗುತ್ತೆ. ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ಗೆ ಇಡಬೇಡಿ, ಅವನು ತಿನ್ನುವಷ್ಟೇ ತೆಗೆಯಿರಿ.