ಗೋಧಿಯ ಮದ್ದು, ತಪ್ಪಿದ ಚೀಟಿ

ಸಸ್ಯಶಾಸ್ತ್ರದ ನಿವೃತ್ತ ಮೇಷ್ಟ್ರು ಅಮೆರಿಕದ ಚೆಸ್ಟ್‌ನಟ್ ಮರದ ಕಥೆ ಎತ್ತಿದರೆಂದರೆ ಕಾಫಿ ತಣ್ಣಗಾಗುವುದು ಖಚಿತ.

“1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರಾಣಿಸಂಗ್ರಹಾಲಯದಲ್ಲಿ ಕಣ್ಣಿಗೆ ಬಿದ್ದ ಒಂದು ಶಿಲೀಂಧ್ರವು ಅರ್ಧ ಶತಮಾನದೊಳಗೆ 300 ಕೋಟಿಗೂ ಹೆಚ್ಚು ಮರಗಳನ್ನು ಮುಗಿಸಿತೆಂದು ಅಂದಾಜು. ಬೇರುಗಳು ಇನ್ನೂ ಬದುಕಿವೆ. ಬುಡದಿಂದ ಚಿಗುರೊಡೆದು ಒಂದಿಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ಮತ್ತೆ ರೋಗ ಹಿಡಿಯುತ್ತದೆ. ಈ ಶಿಲೀಂಧ್ರ ಆಕ್ಸಾಲಿಕ್ ಆಮ್ಲವನ್ನು ಸ್ರವಿಸಿ ತೊಗಟೆಯನ್ನು ಕೊಲ್ಲುತ್ತದೆ. ಅದಕ್ಕೆಂದೇ ಸಿರಾಕ್ಯೂಸ್‌ನ ವಿಶ್ವವಿದ್ಯಾಲಯದ ವಿಜ್ಞಾನಿ ವಿಲಿಯಂ ಪೊವೆಲ್ ಮತ್ತು ಸಂಗಡಿಗರು ಆ ಆಮ್ಲವನ್ನು ಒಡೆಯುವ ಗೋಧಿಯ ವಂಶವಾಹಿಯನ್ನು ಮರಕ್ಕೆ ಸೇರಿಸಿದರು. ಶಿಲೀಂಧ್ರ ಸಾಯುವುದಿಲ್ಲ, ಅದರ ಆಯುಧ ಮೊಂಡಾಗುತ್ತದೆ, ಅಷ್ಟೇ.”

“ಕೆಸುವಿನ ತುರಿಕೆಗೆ ಹುಣಸೆಹುಳಿ ಹಿಂಡಿದ ಹಾಗೆ!” ಎಂದರು ಸರಸ್ವತಮ್ಮ.

“ಅಕ್ಕಾ, ಆ ತುರಿಕೆಯೂ ಆಕ್ಸಲೇಟಿನದೇ,” ಎಂದು ಮೇಷ್ಟ್ರು ಅಪರೂಪಕ್ಕೆ ಪೂರ್ಣಾಂಕ ಕೊಟ್ಟರು.

ಬ್ಯಾಂಕಿನಲ್ಲಿ ಜೀವ ಸವೆಸಿ, ಜಾಮೀನಿಲ್ಲದೆ ಯಾವುದನ್ನೂ ನಂಬದ ಶಾನುಭಾಗರು ಸುಮ್ಮನಿರಲಿಲ್ಲ. “ಭತ್ತವಾದರೆ ಮುಂದಿನ ವರ್ಷ ಬಿತ್ತದಿದ್ದರಾಯಿತು. ನೂರಾರು ವರ್ಷ ಬದುಕುವ ಮರದ ಪರಾಗ ಬೆಟ್ಟ ದಾಟಿದ ಮೇಲೆ ಅದನ್ನು ಯಾವ ನೋಟಿಸು ಕೊಟ್ಟು ಹಿಂದಕ್ಕೆ ಕರೆಸುತ್ತೀರಿ?”

“ಇಲ್ಲಿ ಹರಡುವುದೇ ಉದ್ದೇಶ ಸ್ವಾಮಿ! ಅಳಿದುಳಿದ ಕಾಡುಮರಗಳೊಡನೆ ಕೂಡಿ ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಈ ವಂಶವಾಹಿ ದಾಟಬೇಕು. ಆಗ ಕರಡಿ, ಅಳಿಲುಗಳಿಗೆ ಹಳೆಯ ಮೇವು ಮರಳಿ ಸಿಗುತ್ತದೆ. ಚೀನಾ 2002ರಲ್ಲಿ ಅನುಮತಿ ಕೊಟ್ಟ, ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಬಿಟಿ ಪಾಪ್ಲರ್ ಮರ ಬೇರೆಯೇ ಜಾತಿಯ ಲೆಕ್ಕ. ಅದು ಹುಳುವನ್ನು ಕೊಲ್ಲುತ್ತದೆ, ಆದ್ದರಿಂದ ಹುಳು ನಿರೋಧಶಕ್ತಿ ಬೆಳೆಸಿಕೊಳ್ಳುವ ಭಯವಿದೆ.”

ಅಪಾಯವನ್ನು ಮರದಿಂದ ಮರಕ್ಕೆ ಬೇರೆಯಾಗಿಯೇ ತೂಗಬೇಕೆಂಬ ಮೇಷ್ಟ್ರ ಈ ಮಾತು ನನಗೂ ಒಪ್ಪಿಗೆಯೇ. ಆದರೆ ತೂಗುವವರ ತಕ್ಕಡಿಯನ್ನೂ ನೋಡಬೇಕಲ್ಲ!

“ನಿಮ್ಮ ಪ್ರಯೋಗ ಎಲ್ಲಿಗೆ ಬಂತು?” ಎಂದು ಶಾನುಭಾಗರು ಕೆದಕಿದಾಗ ಮೇಷ್ಟ್ರ ದನಿ ತುಸು ಇಳಿಯಿತು. ಗೋಧಿಯ ವಂಶವಾಹಿ ಸೇರಿಸಿದ ಚೆಸ್ಟ್‌ನಟ್‌ನ ‘ಡಾರ್ಲಿಂಗ್ 58’ ತಳಿಯೆಂದು ವರ್ಷಗಟ್ಟಲೆ ಪರೀಕ್ಷಿಸಿದ ಗಿಡಗಳು ವಾಸ್ತವದಲ್ಲಿ ‘ಡಾರ್ಲಿಂಗ್ 54’ ಎಂಬ ಇನ್ನೊಂದು ತಳಿಯವು ಎಂಬುದು 2023ರಲ್ಲಿ ಬಯಲಾಗಿತ್ತು. ಅದರಲ್ಲಿ ಗೋಧಿಯ ವಂಶವಾಹಿ ಮರದ್ದೇ ಒಂದು ವಂಶವಾಹಿಯ ನಡುವೆ ಹೊಕ್ಕು ಕುಳಿತಿತ್ತು. ಗಿಡಗಳ ಬೆಳವಣಿಗೆಯೂ ತೃಪ್ತಿಕರವಾಗಿಲ್ಲವೆಂದು ಈ ಮರವನ್ನು ಮರಳಿ ತರಲು ದುಡಿಯುವ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಆ ಡಿಸೆಂಬರಿನಲ್ಲಿ ಬೆಂಬಲ ಹಿಂತೆಗೆದುಕೊಂಡರೆ, ಪೊವೆಲ್ ಅವರ ವಿಶ್ವವಿದ್ಯಾಲಯದವರು ಪಟ್ಟು ಬಿಡಲಿಲ್ಲ.

“ಪ್ರೀತಿಯ ಹೆಸರಿಟ್ಟೂ ಗುರುತು ಸಿಗಲಿಲ್ಲವೇ?” ಎಂದರು ಸರಸ್ವತಮ್ಮ.

ಅಲ್ಲಿಯವರೆಗೆ ಮೌನವಾಗಿ ಎಲೆಗೆ ಸುಣ್ಣ ಸವರುತ್ತಿದ್ದ ಅಡಿಕೆ ಬೆಳೆಗಾರ ಗೌಡರು ಬಾಯಿ ತೆರೆದರು: “ನನಗೂ ನರ್ಸರಿಯವನು ಮಂಗಳ ತಳಿಯೆಂದು ಕೊಟ್ಟ ಸಸಿಗಳು ಫಸಲಿಗೆ ಬಂದಾಗ ಮತ್ತೇನೋ ಆಗಿದ್ದವು. ಅವನು ಇಷ್ಟೆಲ್ಲ ವಿಜ್ಞಾನ ಓದಿರಲಿಲ್ಲ ನೋಡಿ!”