ಎರಡು ವರ್ಷದ ಮ್ಯಾಟ್ರಿಕ್ಸ್‌ಗಳಿಗೆ ಒಂದೇ ಸರಾಸರಿ ಸಿಗುತ್ತಾ?

ಪ್ರಶ್ನೆ: ಮೇಡಂ, ಪಿಎಚ್‌ಡಿಗೆ ಒಂದು ಕಾಡುಗಿಡದ ಲೆಕ್ಕ ಇಡುತ್ತಿದ್ದೇನೆ. ಗಿಡಗಳಿಗೆ ನಂಬರ್ ಕಟ್ಟಿ ವರ್ಷಕ್ಕೊಮ್ಮೆ ಎಣಿಸುತ್ತೇನೆ. ಎರಡೇ ಹಂತ: ಸಸಿ, ಬಲಿತ ಗಿಡ. ಮೊದಲ ವರ್ಷ ಒಂದು ಬಲಿತ ಗಿಡಕ್ಕೆ 4 ಸಸಿ. ಸಸಿಗಳಲ್ಲಿ ಬಲಿತದ್ದು 0.2 ಪಾಲು, ಬಲಿತವುಗಳಲ್ಲಿ ಉಳಿದದ್ದು 0.5. ಎರಡನೇ ವರ್ಷ ಇವೇ 1, 0.4, 0.8. ವರ್ಷಕ್ಕೊಂದು ಮ್ಯಾಟ್ರಿಕ್ಸ್ (ಯಾವ ಹಂತದಿಂದ ಯಾವ ಹಂತಕ್ಕೆ ಎಷ್ಟು ಎಂದು ತೋರಿಸುವ ಸಂಖ್ಯೆಗಳ ಚೌಕ) ಮಾಡಿ, ಒಂದೊಂದು ಸಂಖ್ಯೆಗೂ ಸರಾಸರಿ ತೆಗೆದರೆ ಬೆಳವಣಿಗೆ ದರ (ವರ್ಷಕ್ಕೆ ಎಷ್ಟು ಪಟ್ಟು) 1.25 ಬಂತು. ಗೈಡ್ ಸುಮ್ನೆ ‘ತಪ್ಪು’ ಅಂದರು. ಯಾಕೆ?

ಉತ್ತರ: ಗಿಡಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಗುಣಿಸಿಕೊಂಡು ಹೋಗುತ್ತದೆ. 100 ಗಿಡ ಒಂದು ವರ್ಷ ಎರಡು ಪಟ್ಟಾಗಿ ಮರುವರ್ಷ ಅರ್ಧವಾದರೆ ಮತ್ತೆ 100. ಸರಾಸರಿ 1.25 ಹಿಡಿದರೆ 156! ನಿಮ್ಮಲ್ಲಿ ಉಲ್ಟಾ ಆಗಿದೆ, ಸರಾಸರಿ ಕಡಿಮೆ ತೋರಿಸಿದೆ. ಎರಡನೇ ವರ್ಷದ ಮ್ಯಾಟ್ರಿಕ್ಸನ್ನು ಮೊದಲನೆಯದಕ್ಕೆ ಗುಣಿಸಿ, ದೊಡ್ಡ ಐಗನ್ ವ್ಯಾಲ್ಯೂ (ಹೀಗೇ ಗುಣಿಸುತ್ತಾ ಹೋದರೆ ಕೊನೆಗೆ ನೆಲೆನಿಲ್ಲುವ ಪಟ್ಟು) ತೆಗೆಯಿರಿ: 2.04. ಇದು ಎರಡು ವರ್ಷದ್ದು, ವರ್ಗಮೂಲ ತೆಗೆದರೆ ವರ್ಷಕ್ಕೆ 1.43. ಸಸಿ ಜಾಸ್ತಿ ಹುಟ್ಟಿದ ಮರುವರ್ಷವೇ ಸಸಿಗಳಿಗೆ ಒಳ್ಳೆಯ ಕಾಲ ಬಂತು. ಸರಾಸರಿ ಆ ಹೊಂದಾಣಿಕೆಯನ್ನೇ ಅಳಿಸಿತು.

ಹಾಗಾಗಿ ತನ್ನಿಂದ ತಾನೇ ಗುಣಿಸಿಕೊಂಡಾಗ ಆ ಗುಣಲಬ್ಧವನ್ನೇ ಕೊಡುವ ಮ್ಯಾಟ್ರಿಕ್ಸ್ ಬೇಕು. ಸಸಿಗೆ ಸಸಿ ಹುಟ್ಟುವುದಿಲ್ಲ, ಸಸಿಯಾಗಿಯೇ ಉಳಿದದ್ದನ್ನೂ ನೀವು ಕಂಡಿಲ್ಲ. ಆ ಜಾಗ ಸೊನ್ನೆಯೇ ಇರಬೇಕು. ಆಗ ಹುಡುಕಬೇಕಾದ್ದು ಮೂರು ಸಂಖ್ಯೆ, ಸಮೀಕರಣ ನಾಲ್ಕು. ಗುಣಲಬ್ಧದಲ್ಲಿರುವುದು 0.2, 0.5, 0.16, 2.0. ಮೊದಲ ಮೂರನ್ನು ಸರಿಮಾಡಿದರೆ ನಾಲ್ಕನೆಯದು 2.0 ಬದಲು 0.6 ಆಗುತ್ತದೆ. ಗುಣಲಬ್ಧದ ಮ್ಯಾಟ್ರಿಕ್ಸ್‌ಗೆ ನೇರವಾಗಿ ವರ್ಗಮೂಲ ತೆಗೆದರೆ ಸೊನ್ನೆಯ ಜಾಗದಲ್ಲಿ 0.42 ಕೂರುತ್ತದೆ, ಇನ್ನೊಂದು ಮೂಲದಲ್ಲಿ −0.35. ಋಣ ಸಸಿಯನ್ನು ಯಾರು ನೋಡಿದ್ದಾರೆ?

ಆದ್ದರಿಂದ ಕಟ್ಟುಪಾಡು ಹಾಕಿ ಹುಡುಕಬೇಕು. ಹುಡುಕುವ ಮ್ಯಾಟ್ರಿಕ್ಸ್‌ನ ವರ್ಗಕ್ಕೂ ಗುಣಲಬ್ಧಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆಯಾಗಲಿ. ಸೊನ್ನೆ ಸೊನ್ನೆಯಾಗಿಯೇ ಇರಲಿ. ಪ್ರತಿ ಸಂಖ್ಯೆಯೂ ನೀವು ಕಂಡ ಕನಿಷ್ಠ, ಗರಿಷ್ಠಗಳ ನಡುವೆಯೇ ಇರಲಿ. ಹಂತ ಜಾಸ್ತಿಯಿದ್ದರೆ ಒಂದು ಹಂತದಿಂದ ಬದುಕಿ ಉಳಿದವರ ಪಾಲು ಒಟ್ಟು 1 ದಾಟಬಾರದು. ಕಾಕಸಸ್ ಪರ್ವತದ ಆಂಡ್ರೊಸೇಸ್ ಅಲ್ಬಾನಾ ಎಂಬ ಪುಟ್ಟ ಗಿಡಕ್ಕೆ ರಷ್ಯಾದ ದ್ಮಿತ್ರಿ ಲೋಗೊಫೆಟ್ ಹಿಡಿದದ್ದು ಇದೇ ದಾರಿ. ಬೇರೆ ಬೇರೆ ಕಡೆಯಿಂದ ಶುರುಮಾಡಿ ನೋಡಿ, ಹುಡುಕಾಟ ಹತ್ತಿರದ ಹಳ್ಳದಲ್ಲೇ ಸಿಕ್ಕಿಬೀಳುವುದುಂಟು.

ಪ್ರಶ್ನೆ: ಮಾಡಿದೆ ಮೇಡಂ. 1.07, 0.4, 0.8 ಬಂತು. ದರ 1.17. ಇದು 1.43ಕ್ಕೆ 1.25ಗಿಂತಲೂ ದೂರ ಅಲ್ವಾ?

ಉತ್ತರ: ದೂರವೇ. 0.4, 0.8 ಎರಡೂ ಗಡಿಗೆ ಹೋಗಿ ಅಂಟಿವೆ, ಗಮನಿಸಿದಿರಾ? ಕಟ್ಟುಪಾಡಿನೊಳಗೆ ಜಾಗ ಸಾಲುತ್ತಿಲ್ಲ ಅಂತ ಅರ್ಥ. ದರ 1.43 ಆಗಲೇಬೇಕು ಅಂತ ಇನ್ನೊಂದು ಕಟ್ಟು ಹಾಕಿದರೆ ಸಸಿ 2.25 ಆಗುತ್ತದೆ, ಉಳಿದೆರಡು ಹಾಗೇ ಇರುತ್ತವೆ. ಆದರೆ ಒಟ್ಟು ವ್ಯತ್ಯಾಸ 1.07ರಿಂದ 2.42ಕ್ಕೆ ಏರುತ್ತದೆ. ನನ್ನ ಕೇಳಿದರೆ, ಎರಡೇ ವರ್ಷಕ್ಕೆ ಸರಾಸರಿ ಬೇಡ. ಎರಡೂ ಮ್ಯಾಟ್ರಿಕ್ಸ್ ಕೊಟ್ಟು, ಗುಣಲಬ್ಧದ 1.43 ಬರೆಯಿರಿ. ಐದಾರು ವರ್ಷದ ಎಣಿಕೆ ಸೇರಿದ ಮೇಲೆ ಮತ್ತೆ ಹುಡುಕಿ. ಆಗ ಗುಣಿಸುವ ಕ್ರಮ ಮಾತ್ರ ತಪ್ಪಿಸಬೇಡಿ, ಹೊಸ ವರ್ಷದ ಮ್ಯಾಟ್ರಿಕ್ಸ್ ಎಡಕ್ಕೆ.