ಹಳೆಯ ಆಟೋಮ್ಯಾಟಿಕ್ ವಾಚಿನ ಸರ್ವಿಸ್: ಸಾಮಾನು ಬರುವುದಿಲ್ಲ ಎಂದರೆ ನಂಬಬೇಕೆ?

ಮಂದಗತಿ (ಪ್ರಶ್ನೆ):

ನಮಸ್ಕಾರ. ನನ್ನ ಸೋದರಮಾವ ನಿವೃತ್ತಿಯಾಗುವ ತನಕ ಕಟ್ಟಿಕೊಳ್ಳುತ್ತಿದ್ದ ಒಮೆಗಾ ಕಾನ್‌ಸ್ಟಲೇಷನ್ ವಾಚು ಕಳೆದ ವರ್ಷ ನನ್ನ ಪಾಲಿಗೆ ಬಂದಿತು. 1960ರ ದಶಕದ್ದು, ತಾರೀಖು ತೋರಿಸುವ ಆಟೋಮ್ಯಾಟಿಕ್, ಮಗುಚಿಟ್ಟ ತಟ್ಟೆಯಂತೆ ಅಂಚು ಇಳಿಜಾರಾಗಿರುವ ಡಯಲ್. ದಿನವಿಡೀ ಕೈಯಲ್ಲಿದ್ದರೂ ರಾತ್ರಿ ಬಿಚ್ಚಿಟ್ಟರೆ ಬೆಳಗಿನ ಜಾವದೊಳಗೆ ನಿಂತುಬಿಡುತ್ತದೆ. ಪೂರ್ತಿ ಕೀಲಿ ಕೊಟ್ಟರೆ ಒಂದು ದಿನ ನಡೆಯುತ್ತದೆ, ಅಷ್ಟೆ. ಕೈ ಬೀಸಿದಾಗ ಒಳಗೆ ಲೋಹಕ್ಕೆ ಲೋಹ ಉಜ್ಜಿದಂಥ ಸಣ್ಣ ಸದ್ದು ಕೇಳಿಸುತ್ತದೆ.

ರಿಪೇರಿಯವರೊಬ್ಬರು ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿ, "ಇದರ ಸಾಮಾನು ಈಗ ಬರುವುದಿಲ್ಲ, ಬೇರೆ ಮಷೀನ್ ಕೂರಿಸಿಬಿಡೋಣ" ಎಂದರು. ಮನಸ್ಸು ಒಪ್ಪದೆ ವಾಪಸು ತಂದೆ. ಈ ಕಾಲದ ವಾಚಿಗೆ ಬಿಡಿಭಾಗ ಸಿಗುವುದೇ ಇಲ್ಲವೆ? ತಯಾರಕರಿಗೇ ಕಳುಹಿಸುವುದು ಒಳಿತೋ, ಸ್ವತಂತ್ರವಾಗಿ ಕೆಲಸ ಮಾಡುವವರ ಬಳಿ ಕೊಡುವುದು ಒಳಿತೋ? ಒಳಗಿರುವ ಮಷೀನಿನ ಸಂಖ್ಯೆ 561 ಎಂದು ಒಂದೆಡೆ, 564 ಎಂದು ಇನ್ನೊಂದೆಡೆ ಓದಿದೆ. ನನ್ನದು ಯಾವುದೆಂದು ತಿಳಿಯದು.

ಚಿಮುಟ:

"ಬರುವುದಿಲ್ಲ" ಎನ್ನುವುದೇ ಬೇರೆ, "ನನಗೆ ಸಿಗುವುದಿಲ್ಲ" ಎನ್ನುವುದೇ ಬೇರೆ. ನಿಮಗೆ ಹೇಳಿದವರದು ಬಹುಶಃ ಎರಡನೆಯದು. ಬಿಡಿಭಾಗ ಹುಡುಕುವವರು ಡಯಲಿನ ಮೇಲಿನ ಹೆಸರನ್ನು ಮರೆತು ಮಷೀನಿನ ಕ್ಯಾಲಿಬರ್ ಸಂಖ್ಯೆಯನ್ನು, ಅಂದರೆ ಮಾದರಿ ಸಂಖ್ಯೆಯನ್ನು, ಹಿಡಿದುಕೊಳ್ಳಬೇಕು. ಒಂದೇ ಮಷೀನ್ ನಾಲ್ಕಾರು ದೊಡ್ಡ ಹೆಸರುಗಳ ಹಿಂದೆ ಕುಳಿತಿರುವುದುಂಟು. ರೋಲೆಕ್ಸ್‌ನ ಹಳೆಯ ಡೇಟೋನಾಕ್ಕೂ ಹಾಯರ್ ಕರೇರಾಕ್ಕೂ ತಳಹದಿಯಾದದ್ದು ವಾಲ್ಜೂ 72 ಎಂಬ ಒಂದೇ ಮಷೀನ್. ಜೇಜರ್-ಲಕೂಲ್ತ್ರ್ 1967ರಲ್ಲಿ ಹೊರತಂದ 920 ಕ್ಯಾಲಿಬರನ್ನು ಒಡೆಮಾರ್ ಪಿಗೆ, ಪಟೆಕ್ ಫಿಲಿಪ್, ವಶೆರಾನ್ ಕಾನ್‌ಸ್ಟಾಂಟಿನ್ ಮೂವರೂ ಬಳಸಿದರು. ತಯಾರಿಸಿದವರು ಮಾತ್ರ ತಮ್ಮ ಡಯಲಿನಡಿ ಅದನ್ನು ಕೂರಿಸಲೇ ಇಲ್ಲ.

ನಿಮ್ಮ ಒಮೆಗಾದ ವಿಷಯದಲ್ಲಿ ಅದೃಷ್ಟ ನಿಮ್ಮ ಕಡೆಗಿದೆ. 550ರಿಂದ ಶುರುವಾಗುವ ಆ ಕುಟುಂಬದಲ್ಲಿ 551, 552, 561, 564, 565 ಎಲ್ಲವೂ ಸೇರುತ್ತವೆ. ತಾರೀಖಿನ ಭಾಗವೊಂದನ್ನು ಬಿಟ್ಟರೆ ಒಳಗಿನ ಬಹಳಷ್ಟು ಭಾಗಗಳು ಇವುಗಳಲ್ಲಿ ಸಮಾನ. ಹಾಗಾಗಿ 561 ಎಂದು ಮಾತ್ರ ಹುಡುಕಿ ಕೈಚೆಲ್ಲುವ ಬದಲು ಇಡೀ ಕುಟುಂಬವನ್ನೇ ಹುಡುಕಬೇಕು. ನಿಮ್ಮದು ಯಾವುದೆಂದು ತಿಳಿಯಲು ಮುಚ್ಚಳ ಬಿಚ್ಚುವ ಅಗತ್ಯವೂ ಇಲ್ಲ. ಕೀಲಿಗುಬ್ಬಿಯನ್ನು, ಮುಳ್ಳು ತಿರುಗಿಸುವ ಹಂತಕ್ಕಿಂತ ಇನ್ನೊಂದು ಎಳೆತ ಹೊರಕ್ಕೆ ಮೃದುವಾಗಿ ಎಳೆದು ನೋಡಿ. ತಾರೀಖು ಒಂದು ದಿನ ಜಿಗಿದರೆ 564; ಜಿಗಿಯದಿದ್ದರೆ 561. ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ, ತಾರೀಖು ಬದಲಿಸುವ ಹಲ್ಲುಗಳು ಆಗ ಕೆಲಸದಲ್ಲಿರುತ್ತವೆ.

ಇನ್ನು ಸದ್ದಿನ ಮಾತು. ಈ ಕುಟುಂಬದ ಹಳೆಯ ಕಾಯಿಲೆಯೆಂದರೆ ರೋಟರಿನ, ಅಂದರೆ ಕೈ ಆಡಿದಂತೆ ತಿರುಗಿ ತಾನಾಗಿ ಕೀಲಿ ಕೊಡುವ ತೂಕದ, ಅಚ್ಚು ಸವೆಯುವುದು. ಅಚ್ಚು ಸಡಿಲವಾದಾಗ ರೋಟರ್ ಓರೆಯಾಗಿ ತೂಗಿ ಮುಚ್ಚಳದ ಒಳಮೈಗೆ ತಾಗುತ್ತದೆ. ಮುಂದಿನ ಸಲ ಯಾರಾದರೂ ಬಿಚ್ಚಿದಾಗ ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕಮಾನಿನಂಥ ಹೊಳೆಯುವ ಗೀರು ಕಂಡರೆ, ಚಕ್ರಗಳನ್ನು ಹಿಡಿದಿಡುವ ತಾಮ್ರದ ಬಣ್ಣದ ಪಟ್ಟಿಗಳ (ಸೇತುವೆಗಳ) ಮೇಲೆ ನುಣ್ಣಗಿನ ಲೋಹದ ಪುಡಿ ಕುಳಿತಿದ್ದರೆ ಬೇರೆ ಸಾಕ್ಷಿ ಬೇಡ. ಆ ಪುಡಿ ಎಣ್ಣೆಗೆ ಸೇರಿದ ಮೇಲೆ ಅರೆಯುವ ಕಲ್ಲಿನಂತೆ ಕೆಲಸ ಮಾಡುವುದರಿಂದ, ಸರ್ವಿಸ್ ಆಗುವ ತನಕ ದಯವಿಟ್ಟು ಕಟ್ಟಿಕೊಂಡು ತಿರುಗಾಡಬೇಡಿ.

ಆದರೆ ಅಚ್ಚೊಂದೇ ತಪ್ಪಿತಸ್ಥನಲ್ಲ. ಪೂರ್ತಿ ಕೀಲಿ ಕೊಟ್ಟ 561 ಸುಮಾರು 50 ಗಂಟೆ ನಡೆಯಬೇಕು. ನಿಮ್ಮದು ಒಂದೇ ದಿನ ಎಂದರೆ ವಾಚನ್ನು ನಡೆಸುವ ಮೇನ್‌ಸ್ಪ್ರಿಂಗ್ ಸೋತಿದೆ, ಇಲ್ಲವೇ ಅದು ಸುತ್ತಿಕೊಂಡಿರುವ ಡಬ್ಬಿಯ ಗೋಡೆಗೆ ಹಚ್ಚಿದ ಗ್ರೀಸ್ ಹಾಳಾಗಿ ಸ್ಪ್ರಿಂಗಿನ ತುದಿ ಬೇಗನೆ ಜಾರುತ್ತಿದೆ. ಆಟೋಮ್ಯಾಟಿಕ್‌ನಲ್ಲಿ ಆ ತುದಿ ಜಾರಲೇಬೇಕು, ಆದರೆ ಸ್ಪ್ರಿಂಗ್ ತುಂಬಿದ ಮೇಲೆ. ಮೇನ್‌ಸ್ಪ್ರಿಂಗನ್ನು ಸರ್ವಿಸ್ ಮಾಡುವಾಗಲೇ ಬದಲಿಸಿಬಿಡಿ. ಅದು ಅಳತೆ ನೋಡಿ ಸಿಗುವ ವಸ್ತು. ಬೇರೆ ಮಷೀನ್ ಕೂರಿಸುವ ಮಾತಿಗೆ ನನ್ನ ಉತ್ತರ ಖಂಡಿತ ಬೇಡ. ಡಯಲನ್ನು ಮಷೀನಿಗೆ ಹಿಡಿಸುವ ಸಣ್ಣ ಕಾಲುಗಳು, ಮುಳ್ಳಿನ ರಂಧ್ರಗಳು, ತಾರೀಖಿನ ಕಿಟಕಿ ಯಾವುದೂ ಸರಿಹೊಂದದೆ, ಕೊನೆಗೆ ಮೂಲ ಡಯಲಿನ ಕಾಲು ಕತ್ತರಿಸಿ ಅಂಟು ಹಾಕಿ ಕೂರಿಸಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಹಳೆಯ ಡಯಲ್:

ಚಿಮುಟ ಅವರು ಒಳಗಿನದನ್ನು ಹೇಳಿದರು. ಹೊರಗಿನದರ ಬಗ್ಗೆ ನನ್ನದೊಂದು ಮಾತು. ತಯಾರಕರ ಸರ್ವಿಸ್‌ಗೆ ಕಳುಹಿಸುವುದರಲ್ಲಿ ತಪ್ಪಿಲ್ಲ. ಪಟೆಕ್ ಫಿಲಿಪ್ ತಾನು 1839ರಿಂದ ತಯಾರಿಸಿದ ಪ್ರತಿಯೊಂದು ವಾಚನ್ನೂ ಸರಿಪಡಿಸಿಕೊಡುವುದಾಗಿ ಹೇಳುತ್ತದೆ. ಆದರೆ ಇಂಥ ದೊಡ್ಡ ಕಾರ್ಯಾಗಾರಗಳಿಗೆ ವಾಚು ಹೊಸದರಂತೆ ಕಾಣಬೇಕು, ಹೊಸದರಂತೆ ನಡೆಯಬೇಕು ಎಂಬ ಗುರಿ ಸಹಜ. ಮುಳ್ಳಿನ ಹೊಳಪು ಮಾಸಿದ್ದರೆ ಮುಳ್ಳು ಬದಲಾಗುತ್ತದೆ, ಡಯಲಿನಲ್ಲಿ ಕಲೆಯಿದ್ದರೆ ಡಯಲ್ ಬದಲಾಗುತ್ತದೆ, ಕೇಸು ಪಾಲಿಷ್ ಚಕ್ರಕ್ಕೆ ಹೋಗುತ್ತದೆ. ನಿಮ್ಮ ಸೋದರಮಾವನ ಕೈಯಲ್ಲಿ ಮೂಡಿದ ಗೀರುಗಳ ಜೊತೆಗೆ ಪಟ್ಟಿ ಸಿಕ್ಕಿಸುವ ಕೇಸಿನ ಕಿವಿಗಳ ಚೂಪಾದ ಅಂಚೂ ಹೋಗಿಬಿಡುತ್ತದೆ, ಸವೆದ ಲೋಹ ಮತ್ತೆ ಬರುವುದಿಲ್ಲ. ಕೊಡುವ ಮೊದಲು ಚೀಟಿಯಲ್ಲೇ ಬರೆಸಿ: ಪಾಲಿಷ್ ಬೇಡ, ಡಯಲ್ ಮತ್ತು ಮುಳ್ಳು ಮುಟ್ಟುವುದು ಬೇಡ, ಬದಲಿಸಿದ ಪ್ರತಿಯೊಂದು ಹಳೆಯ ಭಾಗವನ್ನೂ ವಾಪಸು ಕೊಡಬೇಕು. ಒಪ್ಪದಿದ್ದರೆ ಸ್ವತಂತ್ರ ರಿಪೇರಿಯವರೇ ಲೇಸು.

ಡಯಲಿನ ಮೇಲೆ ಕತ್ತಲಲ್ಲಿ ಹೊಳೆಯುವ ಬಣ್ಣವೇನಾದರೂ ಇದೆಯೆ? ಆ ಕಾಲದಲ್ಲಿ ಆ ಬಣ್ಣಕ್ಕೆ ವಿಕಿರಣಶೀಲ ರೇಡಿಯಂ ಬಿಟ್ಟು ಟ್ರಿಟಿಯಂಗೆ ಹೊರಳುತ್ತಿದ್ದರು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ರೇಡಿಯಂನದು 1600 ವರ್ಷ. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ. ಉದುರುವ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳುವುದೇ ಅಪಾಯ. ಕುತೂಹಲಕ್ಕೆ ಗಾಜು ತೆಗೆದು ಬಟ್ಟೆಯಿಂದ ಒರೆಸುವ ಕೆಲಸಕ್ಕೆ ಹೋಗಬೇಡಿ.

ಸೆಕೆಂಡ್ ಮುಳ್ಳು:

ಸ್ವತಂತ್ರ ರಿಪೇರಿಯವರು "ನನಗೆ ಸಿಗುವುದಿಲ್ಲ" ಎನ್ನುವುದರ ಹಿಂದೆ ಅವರ ತಪ್ಪಿಲ್ಲದ ಒಂದು ಕಾರಣವೂ ಇದೆ. ಒಮೆಗಾ, ಲಾಂಜೀನ್ ಮುಂತಾದವುಗಳ ಒಡೆತನವಿರುವ ಸ್ವಾಚ್ ಸಮೂಹ 2015ರ ಕೊನೆಗೆ ಸಗಟು ವ್ಯಾಪಾರಿಗಳಿಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿತು. ಹೀಗೆ ಬಿಡಿಭಾಗಗಳನ್ನು ತಮ್ಮ ಒಪ್ಪಿಗೆಯಿದ್ದವರಿಗಷ್ಟೇ ಸೀಮಿತಗೊಳಿಸುವ ತಯಾರಕರ ವಿರುದ್ಧ ಯುರೋಪಿನ ರಿಪೇರಿಯವರ ಒಕ್ಕೂಟ 2004ರಲ್ಲೇ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. ಕಮಿಷನ್ ಅದನ್ನು ತಳ್ಳಿಹಾಕಿದ್ದನ್ನು ನ್ಯಾಯಾಲಯ 2010ರಲ್ಲಿ ರದ್ದುಪಡಿಸಿತು; ಕಮಿಷನ್ ಮತ್ತೆ ತಳ್ಳಿಹಾಕಿತು, 2017ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಇಂದು ಉಳಿದಿರುವುದು ಹಳೆಯ ಅಂಗಡಿಗಳ ಡ್ರಾಯರಿನಲ್ಲಿರುವ ದಾಸ್ತಾನು ಮತ್ತು ದಾನಿ ಮಷೀನ್‌ಗಳು, ಅಂದರೆ ಬಿಡಿಭಾಗಕ್ಕೆಂದೇ ಕೊಳ್ಳುವ ಹಳೆಯ ಮಷೀನ್‌ಗಳು.

ದಾನಿ ಮಷೀನ್ ಕೊಳ್ಳುವಾಗ ಎಚ್ಚರವಿರಲಿ: 55 ಮತ್ತು 56ರಿಂದ ಶುರುವಾಗುವ ಸಂಖ್ಯೆಯ ಎಲ್ಲ ಮಷೀನ್‌ಗಳಲ್ಲೂ ಮೊದಲು ಸವೆಯುವುದು ಅದೇ ಅಚ್ಚು, ನಿಮಗೆ ಬೇಕಾದದ್ದೂ ಅದೇ. ಮಾರುವವರ ಬಳಿ ರೋಟರ್ ಅಲುಗಾಡುವ ವಿಡಿಯೊ ಕೇಳಿ. ಪೊಟ್ಟಣದಲ್ಲಿರುವ ಹಳೆಯ ಬಿಡಿಭಾಗವಾದರೆ ಅದರ ಮೇಲೆ ಕ್ಯಾಲಿಬರ್ ಸಂಖ್ಯೆ, ನಂತರ ಭಾಗದ ಸಂಖ್ಯೆ ಇರುತ್ತದೆ. ಏನೂ ಸಿಗದಿದ್ದರೂ ಅಚ್ಚನ್ನು ಲೇತಿನಲ್ಲಿ ಹೊಸದಾಗಿ ತಿರುವಬಹುದು. ಕೀಲಿ ಕೊಡುವ ವಾಚಿನ ದೊಡ್ಡ ಗುಣವೇ ಅದು. ನನ್ನ ಬಳಿ 1970ರ ದಶಕದ ಬಲು ಬೆಲೆಯ ಕ್ವಾರ್ಟ್ಸ್ ವಾಚೊಂದಿದೆ. ಅದರ ಸರ್ಕ್ಯೂಟ್ ಸತ್ತ ದಿನದಿಂದ ಅದು ಬಳೆಯಷ್ಟೇ.

ಮಂದಗತಿ:

ಎಲ್ಲರಿಗೂ ಧನ್ಯವಾದ. ಮಧ್ಯಾಹ್ನ ಎಳೆದು ನೋಡಿದೆ, ತಾರೀಖು ಜಿಗಿಯಿತು. ಹಾಗಾದರೆ 564. ಹೊಳೆಯುವ ಬಣ್ಣ ಮುಳ್ಳುಗಳ ನಡುವೆ ತೆಳುವಾಗಿದೆ, ಮುಟ್ಟುವುದಿಲ್ಲ. ಸರ್ವಿಸ್ ಆದ ಮೇಲೆ ಕೆಲಸ ಸರಿಯಾಗಿದೆಯೆಂದು ನಾನು ಹೇಗೆ ತಿಳಿಯಲಿ?

ಚಿಮುಟ:

ವಾಚಿನ ಟಿಕ್ ಸದ್ದು ಕೇಳಿ ಅದರ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಓದು ಕೇಳಿ, ವಾಚು ವಾಪಸು ಪಡೆಯುವಾಗ ನಿಮ್ಮ ಕಣ್ಣೆದುರೇ. ಪೂರ್ತಿ ಕೀಲಿ ಕೊಟ್ಟು ಡಯಲ್ ಮೇಲ್ಮುಖವಾಗಿಟ್ಟಾಗ ಬ್ಯಾಲೆನ್ಸ್ ಚಕ್ರದ ತೂಗಾಟ 270 ಡಿಗ್ರಿಯ ಆಸುಪಾಸಿನಲ್ಲಿರಲಿ. ಈ ವಯಸ್ಸಿನ ಮಷೀನಿಗೆ 250 ಕೂಡ ತಲೆಕೆಡಿಸಿಕೊಳ್ಳುವಂಥದ್ದಲ್ಲ. 24 ಗಂಟೆಯ ನಂತರ 200ಕ್ಕಿಂತ ಕೆಳಗಿಳಿದರೆ ವಾಪಸು ಕೊಡಿ. ತೂಗಾಟ ಲೆಕ್ಕ ಹಾಕಲು ಯಂತ್ರಕ್ಕೆ ಕೊಡಬೇಕಾದ ಲಿಫ್ಟ್ ಕೋನವನ್ನು ಈ ಕ್ಯಾಲಿಬರಿಗೆ ಹೊಂದಿಸದೆ, ಎಲ್ಲಕ್ಕೂ ಇರುವ 52ರಲ್ಲೇ ಬಿಟ್ಟಿದ್ದರೆ ಅದು ತೋರಿಸುವ ತೂಗಾಟದ ಅಂಕಿ ನಂಬುವಂಥದ್ದಲ್ಲ ಎಂಬುದನ್ನೂ ನೆನಪಿಡಿ. ಮತ್ತೆ, ಬಿಚ್ಚಿದ ಹಳೆಯ ಅಚ್ಚನ್ನು ಸಣ್ಣ ಪೊಟ್ಟಣದಲ್ಲಿ ಕೇಳಿ ತೆಗೆದುಕೊಳ್ಳಿ. ಲೇತಿನಲ್ಲಿ ತಿರುವುವವರಿಗೆ ಅಳತೆ ಹಿಡಿಯಲು ಅದೇ ಬೇಕಾಗುತ್ತದೆ.